ಎರಡನೇ ಸಲ ಮುಂಬೈ: ಅದಾ, ಇದಾ?

ಮೊದಲ ಸಲ ಮುಂಬೈಗೆ ಹೋದವರೆಲ್ಲ ನೋಡುವುದು ಹೆಚ್ಚುಕಡಿಮೆ ಒಂದೇ. ಗೇಟ್‌ವೇ, ತಾಜ್ ಹೋಟೆಲ್ ಮುಂದೆ ಒಂದು ಫೋಟೊ, ಮರೀನ್ ಡ್ರೈವ್, ಹಾಜಿ ಅಲಿ, ಸಿದ್ಧಿವಿನಾಯಕ, ಸಂಜೆಗೆ ಜುಹುವಿನಲ್ಲಿ ಭೇಲ್. ಹೊತ್ತು ಉಳಿದರೆ ಯಾವುದೋ ನಟನ ಮನೆಯ ಗೇಟು. ನಾನೂ ಅಷ್ಟೇ. ಹೈಸ್ಕೂಲಿನಲ್ಲಿದ್ದಾಗ ಅಪ್ಪ ಕರೆದುಕೊಂಡು ಹೋಗಿದ್ದರು. ಎರಡು ದಿನದಲ್ಲಿ ಎಲ್ಲ ಮುಗಿಸಿ, ಮೂರನೇ ದಿನ ಸಯನ್‌ನಲ್ಲಿದ್ದ ಮಾವನ ಮನೆಯಲ್ಲಿ ಕಾಲುನೋವು ಅಂತ ಮಲಗಿದ್ದೆ.

ಆಮೇಲೆ ಕೆಲಸದ ಮೇಲೆ, ಮದುವೆಗೆ, ಒಮ್ಮೊಮ್ಮೆ ಸುಮ್ನೆ ಅಂತ ನಾಲ್ಕೈದು ಸಲ ಹೋಗಿ ಬಂದೆ. ಎರಡನೇ ಸಲ ಹೋಗುವವರ ಕಷ್ಟವೇ ಬೇರೆ. ದೊಡ್ಡ ಹೆಸರುಗಳೆಲ್ಲ ಮುಗಿದಿರುತ್ತವೆ. ಉಳಿದವುಗಳಲ್ಲಿ ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಅಂತ ಗೊತ್ತಾಗುವುದಿಲ್ಲ. ಕೈಯಲ್ಲಿ ಮೂರ್ನಾಲ್ಕು ದಿನ ಇದೆ, ಮಾಮೂಲಿ ಜಾಗಗಳು ಆಗಿವೆ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಉಳಿಯೋದು: ಕೊಲಾಬಾನಾ, ದಾದರ್ರಾ, ಅಂಧೇರಿನಾ?

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಮುಂಬೈ ಉದ್ದಕ್ಕೆ ಮಲಗಿರುವ ಊರು. ಬೆಂಗಳೂರಿನ ಹಾಗೆ ಸುತ್ತ ಹರಡಿಕೊಂಡಿಲ್ಲ. ಬೆಳಿಗ್ಗೆ 8ರಿಂದ 11ರವರೆಗೆ ಜನ ಉತ್ತರದಿಂದ ದಕ್ಷಿಣಕ್ಕೆ ಆಫೀಸಿಗೆ ಇಳಿಯುತ್ತಾರೆ. ಸಂಜೆ 5ರ ಮೇಲೆ ಅದೇ ಜನ ವಾಪಸ್ ಉತ್ತರಕ್ಕೆ ಹೋಗುತ್ತಾರೆ. ನೀವು ಈ ನೂಕುನುಗ್ಗಲಿನ ಜೊತೆ ಹೋಗುತ್ತೀರೋ ಎದುರು ದಿಕ್ಕಿಗೆ ಹೋಗುತ್ತೀರೋ ನೋಡಿಕೊಳ್ಳಿ. ನಿಮ್ಮ ದಿನ ಹೇಗಿರುತ್ತದೆ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ನಾನು ಎರಡನೇ ಸಲ ಹೋದಾಗ ಅಂಧೇರಿಯಲ್ಲಿ ರೂಮು ಮಾಡಿದ್ದೆ. ಏರ್‌ಪೋರ್ಟ್ ಹತ್ತಿರ, ಬಾಡಿಗೆಯೂ ಕಡಿಮೆ ಅಂತ. ಫೋಟೊದಲ್ಲಿದ್ದ ಕಿಟಕಿ ರೂಮಿನಲ್ಲಿ ಇರಲಿಲ್ಲ, ಅದು ಹೋಗಲಿ. ಬೆಳಿಗ್ಗೆ ಒಂಬತ್ತಕ್ಕೆ ಚರ್ಚ್‌ಗೇಟ್ ಫಾಸ್ಟ್ ಹಿಡಿಯಲು ನಿಂತೆ. ಮೂರು ಗಾಡಿ ಬಿಟ್ಟೆ. ನಾಲ್ಕನೆಯದಕ್ಕೆ ನಾನು ಹತ್ತಲಿಲ್ಲ, ಹಿಂದಿದ್ದವರು ಹತ್ತಿಸಿದರು. ದಾದರ್‌ನಲ್ಲಿ ಇಳಿಯಬೇಕಿತ್ತು, ಬಾಗಿಲ ಹತ್ತಿರ ಬರಲಾಗದೆ ಮುಂಬೈ ಸೆಂಟ್ರಲ್‌ವರೆಗೆ ಹೋಗಿ ಇಳಿದೆ. ನೋಡಿದರೆ ಒಂದು ಚಪ್ಪಲಿಯ ಬಾರು ಕಿತ್ತು ಹೋಗಿತ್ತು. ನೀವು ಬೆಳಿಗ್ಗೆ ಹತ್ತುವ ಮುಂಚೆ ಪಕ್ಕದವರನ್ನು ಕೇಳಿ, ನೀವು ಇಳಿಯುವ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಯಾವ ಕಡೆ ಬರುತ್ತದೆ ಅಂತ, ಮತ್ತು ಒಂದು ಸ್ಟೇಷನ್ ಮುಂಚೆಯೇ ಆ ಕಡೆ ಸರಿದುಕೊಳ್ಳಿ. ಮುಂಬೈಯವರು ಇದನ್ನು ಯೋಚನೆ ಮಾಡದೇ ಮಾಡುತ್ತಾರೆ.

ದಕ್ಷಿಣ ತುದಿಯ ಕೊಲಾಬಾ, ಫೋರ್ಟ್ ಚಂದ. ಬಾಗಿಲು ತೆಗೆದರೆ ನೋಡುವ ಜಾಗಗಳೇ. ಆದರೆ ದುಡ್ಡು ಜಾಸ್ತಿ, ಅದೂ ಅಲ್ಲದೆ ನೀವು ಆ ಭಾಗವನ್ನು ಒಮ್ಮೆ ನೋಡಿಯಾಗಿದೆ. ನನ್ನ ಓಟು ದಾದರ್ ಪೂರ್ವ ಅಥವಾ ಮಾಟುಂಗಕ್ಕೆ. ವೆಸ್ಟರ್ನ್ ಲೈನು, ಸೆಂಟ್ರಲ್ ಲೈನು ಎರಡೂ ದಾದರ್‌ನಲ್ಲಿ ಸೇರುತ್ತವೆ. ಈಗ ಮೆಟ್ರೊ ಕೂಡ ಇದೆ. ಬೆಳಿಗ್ಗೆ ಇಲ್ಲಿಂದ ಉತ್ತರಕ್ಕೆ ಹೊರಟರೆ ನೀವು ಗುಂಪಿನ ಎದುರು ದಿಕ್ಕಿನಲ್ಲಿರುತ್ತೀರಿ, ಎಷ್ಟೋ ಸಲ ಕಿಟಕಿ ಪಕ್ಕದ ಸೀಟೇ ಸಿಗುತ್ತದೆ. ದಾದರ್ ಸ್ಟೇಷನ್ ಸುತ್ತ ಗಲಾಟೆ ಇದೆ, ನಿಜ. ಹತ್ತು ನಿಮಿಷ ನಡೆದು ಪಾರ್ಸಿ ಕಾಲೊನಿ, ಫೈವ್ ಗಾರ್ಡನ್ಸ್ ಕಡೆ ಹೋಗಿ, ಇದೇ ಊರಾ ಅನ್ನಿಸುತ್ತದೆ. ಮರದ ನೆರಳು, ಹಳೆಯ ಬಾಲ್ಕನಿ, ಬೆಳಿಗ್ಗೆ ಪೇಪರ್ ಹಿಡಿದು ಕೂತ ಅಜ್ಜಂದಿರು.

ಗುಹೆ: ಎಲಿಫೆಂಟಾನಾ, ಕಾನ್ಹೇರಿನಾ?

ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಎರಡಕ್ಕೂ ಸೋಮವಾರ ರಜೆ, ಅದನ್ನು ಮೊದಲು ಬರೆದುಕೊಳ್ಳಿ.

ಎಲಿಫೆಂಟಾ ಅಂದರೆ ಘಾರಾಪುರಿ. ಗೇಟ್‌ವೇಯಿಂದ ಲಾಂಚಿನಲ್ಲಿ ಸುಮಾರು ಒಂದು ಗಂಟೆ. ಇಳಿದ ಮೇಲೆ ಪುಟಾಣಿ ರೈಲು, ಆಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು, ಎರಡೂ ಕಡೆ ಟೋಪಿ, ಮಣಿಸರ ಮಾರುವ ಅಂಗಡಿಗಳು. ಕೈಯಲ್ಲಿ ತಿಂಡಿ ಇದ್ದರೆ ಕೋತಿಗಳು ಸುಮ್ಮನೆ ಬಿಡುವುದಿಲ್ಲ. ಒಳಗೆ ಹೋದ ಮೇಲೆ ಮಾತು ನಿಲ್ಲುತ್ತದೆ. ಸುಮಾರು ಇಪ್ಪತ್ತು ಅಡಿ ಎತ್ತರದ ಮೂರು ಮುಖದ ಶಿವ. ಮಧ್ಯದ ಮುಖದ ರೆಪ್ಪೆ ಅರೆ ಮುಚ್ಚಿದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಐದು ನಿಮಿಷ ಸುಮ್ನೆ ನಿಲ್ಲಿ, ಆಮೇಲೆ ಒಂದೊಂದೇ ವಿವರ ಎದ್ದು ಬರುತ್ತದೆ. ನಮಗೆ ಇನ್ನೊಂದು ನಂಟೂ ಇದೆ. ಪುಲಕೇಶಿ ಪಶ್ಚಿಮ ಸಮುದ್ರದ ಪುರಿಯನ್ನು ಹಡಗುಗಳಿಂದ ಮುತ್ತಿದ ಅಂತ ಐಹೊಳೆ ಶಾಸನದಲ್ಲಿ ಬರುತ್ತದಲ್ಲ, ಆ ಪುರಿ ಇದೇ ಅಂತ ಹಲವರು ಹೇಳುತ್ತಾರೆ.

ಕಾನ್ಹೇರಿ ಇರುವುದು ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ. ಗೇಟಿನಿಂದ ಗುಹೆಗಳಿಗೆ ಐದಾರು ಕಿಲೋಮೀಟರು ಕಾಡು. ನಡೆಯುವ ಸಾಹಸ ಬೇಡ, ಗೇಟಿನಲ್ಲಿ ಬಸ್ ಕೇಳಿ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಒಂದೇ ಕಲ್ಲುಗುಡ್ಡವನ್ನು ಸುಮಾರು ಸಾವಿರ ವರ್ಷ ಕೊರೆಯುತ್ತಾ ಹೋಗಿದ್ದಾರೆ. ಬಹುತೇಕ ಎಲ್ಲರೂ ಮೂರನೇ ಗುಹೆಯ ಚೈತ್ಯ, ಅಂದರೆ ಪ್ರಾರ್ಥನೆಯ ಸಭಾಂಗಣ, ನೋಡಿ, ದೊಡ್ಡ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ನೀವು ಮೇಲೆ ಹತ್ತಿ. ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಜಗಲಿ, ಪಕ್ಕದಲ್ಲೇ ನೀರಿನ ತೊಟ್ಟಿ, ಒಂದೊಂದು ಗುಹೆಗೂ ಒಂದೊಂದು. ಬಂಡೆಯ ಮೇಲೆ ಬೆರಳಗಲದ, ಅಂಗೈಯಗಲದ ಕಾಲುವೆಗಳನ್ನು ಕೊರೆದಿದ್ದಾರೆ, ಮಳೆ ನೀರು ಅವುಗಳಲ್ಲಿ ಹರಿದು ಬಂದು ತೊಟ್ಟಿಗೆ ಬೀಳುವ ಹಾಗೆ. ನಾನು ಹೋದದ್ದು ಜುಲೈನಲ್ಲಿ. ಮಳೆ ನಿಂತು ಹತ್ತು ನಿಮಿಷ ಆಗಿತ್ತು. ಒಂದು ಗುಹೆಯ ಮುಂದೆ ಕೂತು ನೋಡುತ್ತಿದ್ದೆ. ಮೇಲಿನ ಬಂಡೆಯಿಂದ ಸಣ್ಣ ಧಾರೆ ಬಂತು, ತಿರುವಿನಲ್ಲಿ ತಿರುಗಿತು, ತೊಟ್ಟಿಯೊಳಗೆ ಇಳಿಯಿತು. ಕೊರೆದವನು ಹೋಗಿ ಎಷ್ಟೋ ಶತಮಾನ ಆಗಿದೆ, ನೀರು ಮಾತ್ರ ಇನ್ನೂ ಅವನು ಹೇಳಿದ ಕಡೆಯೇ ತಿರುಗುತ್ತಿತ್ತು.

ಇಲ್ಲಿಯ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ನಮ್ಮ ನೃಪತುಂಗನೇ. ಈ ಕಡೆಯ ಶಿಲಾಹಾರರು ಅವನ ಸಾಮಂತರಾಗಿದ್ದರು. 90ನೇ ಗುಹೆಯಲ್ಲಿ ಇನ್ನೂ ಮಜವಾದ ಸಂಗತಿ ಇದೆ. 1009ರಲ್ಲಿ ಮತ್ತು 1021ರಲ್ಲಿ ಬಂದ ಪಾರ್ಸಿಗಳು ಹಳೆಯ ಪರ್ಷಿಯಾದ ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ನಾವು ಗೋಡೆ ಮೇಲೆ ಗೀಚಿದರೆ ಬೈಸಿಕೊಳ್ಳುತ್ತೇವೆ, ಅವರದ್ದು ಶಾಸನ ಆಯಿತು.

ಹಾಗಾದರೆ ಯಾವುದು? ಮೊದಲ ಸಲ ಎಲಿಫೆಂಟಾ ನೋಡದೇ ಬಂದಿದ್ದರೆ, ಚಳಿಗಾಲವಾಗಿದ್ದರೆ, ಅಲ್ಲಿಗೆ ಹೋಗಿ. ಶಿಲ್ಪದ ಮಟ್ಟದಲ್ಲಿ ಕಾನ್ಹೇರಿ ಅದಕ್ಕೆ ಸಮ ಅಲ್ಲ. ಮಳೆಗಾಲದಲ್ಲಿ ಲಾಂಚುಗಳನ್ನು ನಂಬುವ ಹಾಗಿಲ್ಲ, ಸಮುದ್ರ ಕೆಟ್ಟರೆ ನಿಲ್ಲಿಸುತ್ತಾರೆ. ಲೈಫ್ ಜಾಕೆಟ್ ಕೊಟ್ಟರೆ ಸೆಖೆ ಅಂತ ಮಡಿಲಲ್ಲಿ ಇಟ್ಟುಕೊಳ್ಳಬೇಡಿ, ಹಾಕಿಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಇದೇ ದಾರಿಯಲ್ಲಿ ದೊಡ್ಡ ದುರಂತ ಆಗಿತ್ತು. ಎಲಿಫೆಂಟಾ ಒಮ್ಮೆ ಆಗಿದ್ದರೆ, ಅಥವಾ ನೀವು ಮಳೆಗಾಲದಲ್ಲಿ ಹೋಗುತ್ತಿದ್ದರೆ, ಕಾನ್ಹೇರಿ. ಎರಡನೇ ಮಾತಿಲ್ಲ. ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ಎರಡೂ ಕಷ್ಟವೇ. ಎಲಿಫೆಂಟಾದಲ್ಲಿ ಕನಿಷ್ಠ ಡೋಲಿಯವರು ಸಿಗುತ್ತಾರೆ.

ಮ್ಯೂಸಿಯಂ: ಕಾಳಾ ಘೋಡಾನಾ, ಭಾಯಖಳಾನಾ?

ಕಾಳಾ ಘೋಡಾದ ಹತ್ತಿರ ಇರುವುದು ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ, ಹಳಬರ ಬಾಯಲ್ಲಿ ಇನ್ನೂ ಪ್ರಿನ್ಸ್ ಆಫ್ ವೇಲ್ಸ್. 1922ರಲ್ಲಿ ಜನರಿಗೆ ತೆರೆದದ್ದು. ದೊಡ್ಡದು, ಎಲ್ಲ ನೋಡಲು ಹೋದರೆ ತಲೆ ತಿರುಗುತ್ತದೆ. ಕನ್ನಡದವರು ನೆಲಮಹಡಿಯ ಶಿಲ್ಪದ ಕೋಣೆಗೆ ನೇರ ಹೋಗಿ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯ ಕಲ್ಲುಗಳು ಅಲ್ಲಿವೆ, ಬ್ರಹ್ಮ, ಶಿವ, ಶೇಷನ ಮೇಲಿನ ವಿಷ್ಣು. ಗುಡಿಯಲ್ಲಿದ್ದಿದ್ದರೆ ಕತ್ತು ನೋಯಿಸಿಕೊಂಡು ಮೇಲೆ ನೋಡಬೇಕಿತ್ತು, ಇಲ್ಲಿ ಎದುರಿಗೇ ಇವೆ. ಖುಷಿಯೂ ಆಗುತ್ತದೆ, ಒಂಥರಾ ಹೊಟ್ಟೆ ಉರಿಯೂ ಆಗುತ್ತದೆ.

ಭಾಯಖಳಾದ (ಬೈಕುಲಾ) ಭಾವು ದಾಜಿ ಲಾಡ್ ಮ್ಯೂಸಿಯಂ 1872ರದ್ದು, ಊರಿನಲ್ಲೇ ಹಳೆಯದು. ಬುಧವಾರ ರಜೆ. ಸಣ್ಣದು, ಒಂದೂವರೆ ಗಂಟೆ ಸಾಕು. ಬಣ್ಣ ಬಳಿದ ಕಬ್ಬಿಣದ ಕಂಬಗಳು, ಮುಂಬೈಯ ಬೇರೆ ಬೇರೆ ಜನ, ಕಸುಬು, ಪೇಟ ತೋರಿಸುವ ಮಣ್ಣಿನ ಗೊಂಬೆಗಳು. ನನಗೆ ಜಾಸ್ತಿ ಇಷ್ಟವಾದದ್ದು ಹೊರಗೆ ತೋಟದಲ್ಲಿರುವ ಕಲ್ಲಾನೆ. ಪೋರ್ಚುಗೀಸರು ಘಾರಾಪುರಿಗೆ ಎಲಿಫೆಂಟಾ ಅಂತ ಹೆಸರಿಟ್ಟದ್ದು ಈ ಆನೆಯನ್ನು ನೋಡಿಯೇ. 1864ರಲ್ಲಿ ಬ್ರಿಟಿಷರು ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ, ಕ್ರೇನ್ ಮುರಿದು, ಆನೆ ಚೂರುಚೂರಾಯಿತು. 1914ರಲ್ಲಿ ಮತ್ತೆ ಜೋಡಿಸಿದರು. ಹತ್ತಿರ ಹೋದರೆ ಬೆಸುಗೆಯ ಗೆರೆಗಳು ಕಾಣುತ್ತವೆ. ಪ್ರತಿದಿನ ನೂರಾರು ಜನ ದೋಣಿ ಹತ್ತಿ ಎಲಿಫೆಂಟಾಗೆ ಹೋಗುತ್ತಾರೆ, ಆ ಹೆಸರಿನ ಆನೆ ಮಾತ್ರ ಭಾಯಖಳಾದಲ್ಲಿ ಒಂಟಿಯಾಗಿ ನಿಂತಿದೆ. ಎರಡನೇ ಸಲದವರಿಗೆ ನಾನು ಹೇಳುವುದು ಇದನ್ನೇ. ರಿಪೇರಿ ಅಂತ ಆಗಾಗ ಮುಚ್ಚುವುದುಂಟು, ಹೋಗುವ ಮುಂಚೆ ತೆರೆದಿದೆಯಾ ನೋಡಿಕೊಳ್ಳಿ.

ನಡೆಯೋದು: ಫೋರ್ಟ್, ಗಿರ್ಗಾಂವ್, ಬಾಂದ್ರಾ

ಫೋರ್ಟ್ ನೋಡಿದ್ದೀರಿ, ಸರಿ. ಆದರೆ ಭಾನುವಾರ ಬೆಳಿಗ್ಗೆ ಏಳಕ್ಕೆ ನೋಡಿದ್ದೀರಾ? ಆಫೀಸುಗಳೆಲ್ಲ ಬಂದ್, ರಸ್ತೆ ಖಾಲಿ, ಕತ್ತೆತ್ತಿ ನಡೆದರೂ ಯಾರೂ ಡಿಕ್ಕಿ ಹೊಡೆಯುವುದಿಲ್ಲ. ಓವಲ್ ಮೈದಾನದ ನಡುವೆ ಹೋಗಿ ನಿಲ್ಲಿ. ಪೂರ್ವಕ್ಕೆ ಹೈಕೋರ್ಟು, ರಾಜಾಬಾಯಿ ಗಡಿಯಾರದ ಗೋಪುರ, ಚೂಪು ಕಮಾನಿನ ಗಾಥಿಕ್ ಕಟ್ಟಡಗಳು. ಪಶ್ಚಿಮಕ್ಕೆ ತಿರುಗಿದರೆ ಸಮುದ್ರ ತುಂಬಿ ಮಾಡಿದ ಜಾಗದಲ್ಲಿ 1930ರ ದಶಕದ ಆರ್ಟ್ ಡೆಕೊ ಮನೆಗಳ ಸಾಲು, ದುಂಡನೆಯ ಮೂಲೆ, ಹಡಗಿನ ಕಟಕಟೆಯಂಥ ಬಾಲ್ಕನಿ, ಕಿಟಕಿ ಮೇಲೆ ಹುಬ್ಬಿನ ಹಾಗೆ ಚಾಚಿದ ಸಜ್ಜೆ. ಎರಡು ಕಾಲದ ನಡುವೆ ಬರೀ ಒಂದು ಮೈದಾನ. 2018ರಲ್ಲಿ ಯುನೆಸ್ಕೊ ಎರಡೂ ಸಾಲನ್ನು ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೈದಾನದಲ್ಲಿ ಆ ಹೊತ್ತಿಗೆ ಹತ್ತಾರು ಕ್ರಿಕೆಟ್ ಮ್ಯಾಚು ಒಂದರೊಳಗೊಂದು ನಡೆಯುತ್ತಿರುತ್ತವೆ. ಒಬ್ಬನ ಮಿಡ್ ಆನ್ ಇನ್ನೊಬ್ಬನ ಥರ್ಡ್ ಮ್ಯಾನ್.

ಗಿರ್ಗಾಂವ್‌ನ ಖೋತಾಚಿವಾಡಿಯಲ್ಲಿ ಮರದ ಮೆಟ್ಟಿಲಿನ, ಬಣ್ಣದ ಜಗಲಿಯ ಹಳೆಯ ಕ್ರಿಶ್ಚಿಯನ್ ಮನೆಗಳಿವೆ. ಜನ ಅಲ್ಲಿ ವಾಸವಾಗಿದ್ದಾರೆ, ಕಿಟಕಿಯೊಳಗೆ ಕ್ಯಾಮೆರಾ ತೂರಿಸಬೇಡಿ. ಅಲ್ಲಿಂದ ಟ್ಯಾಕ್ಸಿ ಹಿಡಿದು ವಾಲ್ಕೇಶ್ವರದ ಬಾಣಗಂಗಾ ಕೆರೆಗೆ ಹೋಗಿ. ರಾಮ ಬಾಣ ಬಿಟ್ಟು ನೀರು ತರಿಸಿದ ಅನ್ನುವ ಕಥೆಯ ಕಲ್ಯಾಣಿ. ಸುತ್ತ ಮಲಬಾರ್ ಹಿಲ್‌ನ ಕೋಟಿಗಟ್ಟಲೆ ಬೆಲೆಯ ಫ್ಲ್ಯಾಟುಗಳು, ನಡುವೆ ಮೆಟ್ಟಿಲ ಮೇಲೆ ಬಟ್ಟೆ ಒಣಗಿಸಿರುತ್ತಾರೆ, ಬಾತುಕೋಳಿ ಈಜುತ್ತಿರುತ್ತವೆ. ದಡದಲ್ಲಿ ಗೌಡ ಸಾರಸ್ವತರ ಮಠ ಇದೆ, ಕರಾವಳಿಯವರಿಗೆ ಊರಿಗೆ ಬಂದ ಹಾಗೇ ಇರುತ್ತದೆ.

ಬಾಂದ್ರಾ ಹರೆಯದವರಿಗೆ ಇಷ್ಟವಾಗುತ್ತದೆ. ಗೋಡೆ ಚಿತ್ರ, ಕೆಫೆ, ಕೋಟೆಯಿಂದ ಕಾಣುವ ಸೀ ಲಿಂಕ್ ಸೇತುವೆ. ನನಗೆ ಒಂದು ಸಂಜೆ ಸಾಕು.

ಮೂರರಲ್ಲಿ ಒಂದೇ ಅಂದರೆ ಭಾನುವಾರ ಫೋರ್ಟ್, ಬೇರೆ ದಿನವಾದರೆ ಗಿರ್ಗಾಂವ್ ಮತ್ತು ಬಾಣಗಂಗಾ.

ಊಟ: ಮಾಟುಂಗದ ಇಡ್ಲಿನಾ, ಇರಾನಿ ಬನ್ನಾ?

"ಇಡ್ಲಿ ತಿನ್ನೋಕೆ ಮುಂಬೈಗೆ ಹೋಗಬೇಕಾ?" ಅಂತ ನನ್ನ ತಂಗಿ ನಕ್ಕಿದ್ದಳು. ಹೋಗಬೇಕು ಅಂತಲೇ ನಾನು ಹೇಳೋದು. ಮಾಟುಂಗದ್ದು ಊರು ಬಿಟ್ಟವರ ಅಡುಗೆ. ಉಡುಪಿ, ಕುಂದಾಪುರದ ಕಡೆಯ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿ ಶಾಲೆಗೆ ಹೋಗಿ ಓದಿದ ಕಾಲದ್ದು. ಮಾಟುಂಗ ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಇದೆ. ಮಹಡಿ ಹತ್ತಿ, ಟೋಕನ್ ತಗೊಂಡು ಕಾದರೆ ಬಾಳೆ ಎಲೆ ಊಟ. ಕಿಂಗ್ಸ್ ಸರ್ಕಲ್ ಕಡೆ ಮೈಸೂರು ಕೆಫೆ, ಕೆಫೆ ಮದ್ರಾಸ್. ಭಾನುವಾರ ಬೆಳಿಗ್ಗೆ ಸಾಲು ರಸ್ತೆಗೆ ಬಂದಿರುತ್ತದೆ. ಒಬ್ಬರೇ ಇದ್ದರೆ ಬೇರೆಯವರ ಟೇಬಲ್ಲಿಗೆ ಸೇರಿಸುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಎದುರು ಕೂತಿದ್ದ ಗುಜರಾತಿ ಅಜ್ಜಿ, ನಾನು ರಸಂ ವಡೆಯನ್ನು ಚಮಚದಲ್ಲಿ ತಿನ್ನುವುದನ್ನು ನೋಡಿ ನನಗೆ ಬೈದು, ಕೈಯಲ್ಲಿ ಹೇಗೆ ತಿನ್ನಬೇಕು ಅಂತ ತೋರಿಸಿಕೊಟ್ಟರು. ಕನ್ನಡದವನಿಗೆ!

ಇರಾನಿನಿಂದ ಬಂದವರು ಶುರುಮಾಡಿದ ಇರಾನಿ ಕೆಫೆಗಳು ದಿನೇ ದಿನೇ ಕಡಿಮೆಯಾಗುತ್ತಿವೆ, ಆ ಲೆಕ್ಕದಲ್ಲಿ ಅವಸರ ಅಲ್ಲೇ ಜಾಸ್ತಿ. ಮರೀನ್ ಲೈನ್ಸ್ ಹತ್ತಿರದ ಕಯಾನಿ 1904ರದ್ದು. ಚೆಕ್ಸ್ ಬಟ್ಟೆಯ ಟೇಬಲ್, ಬಾಗಿದ ಕಟ್ಟಿಗೆಯ ಕುರ್ಚಿ, ಬನ್ ಮಸ್ಕಾ, ಚಾ. ಬನ್ನನ್ನು ಚಾದಲ್ಲಿ ಅದ್ದಿ ತಿನ್ನಿ, ಬೆಣ್ಣೆ ಚಾದ ಮೇಲೆ ತೇಲಿದರೆ ತೇಲಲಿ. ಬಲಾರ್ಡ್ ಎಸ್ಟೇಟಿನ ಬ್ರಿಟಾನಿಯಾದ ಬೆರಿ ಪುಲಾವ್ ಮಧ್ಯಾಹ್ನಕ್ಕೆ, ಜೇಬಿಗೆ ಸ್ವಲ್ಪ ಭಾರ. ಬೆಳಿಗ್ಗೆ ಮಾಟುಂಗ, ಸಂಜೆ ನಾಲ್ಕಕ್ಕೆ ಇರಾನಿ ಅಂತ ಮಾಡಿಕೊಂಡರೆ ಜಗಳವೇ ಇಲ್ಲ.

ಸಂಜೆ: ಮರಾಠಿ ನಾಟಕನಾ, ಪೃಥ್ವಿನಾ?

ಜುಹುವಿನ ಪೃಥ್ವಿ ಥಿಯೇಟರ್ 1978ರದ್ದು. ಇನ್ನೂರರ ಆಸುಪಾಸಿನ ಸೀಟು, ನಟ ಬೆವರುವುದು ಕಾಣುವಷ್ಟು ಹತ್ತಿರ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಸಂಜೆಯ ಟ್ರಾಫಿಕ್ಕಿನಲ್ಲಿ ಜುಹು ಮುಟ್ಟುವುದೇ ಒಂದು ನಾಟಕ. ದಾದರ್‌ನಲ್ಲಿ ಉಳಿದಿದ್ದರೆ ಮರಾಠಿ ನಾಟಕಗಳು ನಡೆಯುವ ಶಿವಾಜಿ ಮಂದಿರಕ್ಕೆ ನಡೆದೇ ಹೋಗಬಹುದು. ಮರಾಠಿ ಪೂರ್ತಿ ಬರಬೇಕಿಲ್ಲ, ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗಂತೂ ಅರ್ಧಕ್ಕಿಂತ ಜಾಸ್ತಿ ತಿಳಿಯುತ್ತದೆ. ನಾನು ಉಳಿದವರು ನಕ್ಕ ಎರಡು ಸೆಕೆಂಡಿನ ಮೇಲೆ ನಗುತ್ತಿದ್ದೆ. ಇಂಟರ್ವಲ್ಲಿನಲ್ಲಿ ಬಿಸಿ ಬಟಾಟಾ ವಡೆಗೆ ಇಡೀ ಸಭಾಂಗಣ ಓಡುತ್ತದೆ, ನೀವೂ ಓಡಿ. ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ, 1926ರಿಂದ ಇರುವ ಸಂಸ್ಥೆ ಅದು, ಕರ್ನಾಟಕ ಸಂಘದಲ್ಲಿ ಕನ್ನಡ ಕಾರ್ಯಕ್ರಮ ಇದೆಯಾ ಅಂತಲೂ ವಿಚಾರಿಸಿ. ಇದ್ದರೆ ಬೇರೆ ಎಲ್ಲ ಬಿಟ್ಟು ಅಲ್ಲಿಗೆ ಹೋಗಿ. ಊರಿನಲ್ಲಿ ನಾವು ಬಿಟ್ಟಿರುವ ಎಷ್ಟೋ ಮಾತು ಅಲ್ಲಿಯ ಹಿರಿಯರ ಬಾಯಲ್ಲಿ ಇನ್ನೂ ಇದೆ.

ಓಡಾಟ: ಲೋಕಲ್, ಮೆಟ್ರೊ, ಬಸ್

ಆರೆಯಿಂದ ಕಫ್ ಪರೇಡ್‌ವರೆಗಿನ ನೆಲದಡಿಯ ಮೆಟ್ರೊ 2025ರ ಅಕ್ಟೋಬರಿನಲ್ಲಿ ಪೂರ್ತಿ ಶುರುವಾಯಿತು. 33.5 ಕಿಲೋಮೀಟರು, 27 ಸ್ಟೇಷನ್. ನೀವು ಮೊದಲ ಸಲ ಹೋದಾಗ ಇದು ಇರಲಿಲ್ಲ, ಹಾಗಾಗಿ ಹಳೆಯ ಲೆಕ್ಕಾಚಾರ ಬಿಡಿ. ಏರ್‌ಪೋರ್ಟಿನಿಂದ ಸೂಟ್‌ಕೇಸ್ ಹಿಡಿದು ಬರಲು, ಪೀಕ್ ಅವರ್‌ನಲ್ಲಿ ಫೋರ್ಟಿಗೆ ಹೋಗಲು ಇದಕ್ಕಿಂತ ಸುಖ ಬೇರೆ ಇಲ್ಲ. ಒಂದೇ ತೊಂದರೆ, ಊರೇ ಕಾಣುವುದಿಲ್ಲ. ಊರು ನೋಡೋಕೆ ಅಂತ ಬಂದು ಸುರಂಗ ನೋಡಿಕೊಂಡು ಹೋದ ಹಾಗಾಗುತ್ತದೆ.

ಲೋಕಲ್ ಅನ್ನು ಮಧ್ಯಾಹ್ನ 12ರಿಂದ 4ರ ನಡುವೆ ಹತ್ತಿ, ಬಾಗಿಲಿಗೆ ಜೋತು ಬೀಳದೆ ಕಿಟಕಿಗೆ ಕೂತು ನೋಡಿ. ಒಂದು, ಮೂರು, ಐದು ದಿನದ ಟೂರಿಸ್ಟ್ ಪಾಸು ಸಿಗುತ್ತದೆ, ಟಿಕೆಟ್ ಸಾಲು ತಪ್ಪುತ್ತದೆ. ಭಾನುವಾರ 'ಮೆಗಾ ಬ್ಲಾಕ್' ಅನ್ನುವ ಪದ ಕಿವಿಗೆ ಬಿದ್ದರೆ ಎಚ್ಚರ. ಹಳಿ ರಿಪೇರಿಗೆ ಕೆಲವು ಗಂಟೆ ಲೈನು ಮುಚ್ಚುತ್ತಾರೆ, ಕಾನ್ಹೇರಿಯಂಥ ದೂರದ ಪ್ಲಾನ್ ಅವತ್ತು ಇಟ್ಟುಕೊಳ್ಳಬೇಡಿ. ಹಳೆಯ ಕೆಂಪು ಡಬಲ್ ಡೆಕ್ಕರ್ ಹುಡುಕಬೇಡಿ, ಅವು 2023ರ ಸೆಪ್ಟೆಂಬರಿನಲ್ಲೇ ನಿಂತವು. ಅದೇ ವರ್ಷ ಅಕ್ಟೋಬರಿನಲ್ಲಿ ಹಳೆಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಯೂ ಹೋಯಿತು. ಈಗ ಬಂದಿರುವುದು ಎಸಿ ಇರುವ ಎಲೆಕ್ಟ್ರಿಕ್ ಡಬಲ್ ಡೆಕ್ಕರ್. ಮಹಡಿಯ ಮುಂದಿನ ಸೀಟು ಸಿಕ್ಕರೆ ಫೋರ್ಟಿನ ಕಟ್ಟಡಗಳ ಮೇಲಿನ ಕಲ್ಲಿನ ಮಂಗ, ಹಕ್ಕಿ, ಹಾವುಗಳೆಲ್ಲ ಕಣ್ಣೆದುರಿಗೇ ಬರುತ್ತವೆ.

ಕಾಲ: ಚಳಿಗಾಲನಾ, ಮಳೆಗಾಲನಾ?

ಎಲ್ಲರೂ ನವೆಂಬರಿನಿಂದ ಫೆಬ್ರುವರಿ ಅನ್ನುತ್ತಾರೆ. ಸರಿಯೇ. ಬೆವರು ಕಡಿಮೆ, ಫೆಬ್ರುವರಿ ಹೊತ್ತಿಗೆ ಕಾಳಾ ಘೋಡಾದ ಕಲಾ ಉತ್ಸವ, ಶಿವಡಿ ಕಡೆಯ ಕೆಸರಿನಲ್ಲಿ ಗುಲಾಬಿ ಬಣ್ಣದ ಫ್ಲೆಮಿಂಗೊಗಳು. ಮಕ್ಕಳು, ಹಿರಿಯರು ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ. ಆದರೆ ನೀವು ಒಬ್ಬರೋ ಇಬ್ಬರೋ ಇದ್ದು, ಒಂದು ದಿನ ರೂಮಿನಲ್ಲೇ ಕೂರಬೇಕಾಗಿ ಬಂದರೂ ಪರವಾಗಿಲ್ಲ ಅನ್ನುವವರಾದರೆ ಜುಲೈ ಕೊನೆಗೆ ಹೋಗಿ. ಸಮುದ್ರದ ಭರತದ ವೇಳೆ ಪೇಪರಿನಲ್ಲಿ ಬರುತ್ತದೆ, ನಾಲ್ಕೂವರೆ ಮೀಟರ್ ಮೇಲೆ ಅಂತಿದ್ದರೆ ಅವತ್ತು ಕೆಳಮಟ್ಟದ ರಸ್ತೆಗಳ ಕಡೆ ಹೋಗಬೇಡಿ. ಮರೀನ್ ಡ್ರೈವ್‌ನಲ್ಲಿ ಕಟ್ಟೆಯಿಂದ ದೂರ, ರಸ್ತೆಯ ಆಚೆ ಬದಿಯಲ್ಲಿ ನಿಂತುಕೊಳ್ಳಿ. ಮೊದಲ ಸಲ ನೀವು ಕೂತು ಕಡಲೆ ತಿಂದ ಕಟ್ಟೆ ಅದು. ಈಗ ಅಲೆ ಅದನ್ನು ಹಾರಿ ಬಂದು ರಸ್ತೆಗೆ ಅಪ್ಪಳಿಸುತ್ತಿರುತ್ತದೆ. ಕೊಡೆ ತರಲೇಬೇಡಿ, ಮೊದಲ ಗಾಳಿಗೇ ತಿರುಗಿಕೊಳ್ಳುತ್ತದೆ. ದಾದರ್ ಸ್ಟೇಷನ್ ಹೊರಗೆ ಒಂದು ರೇನ್‌ಕೋಟ್ ತಗೊಳ್ಳಿ, ಚೌಕಾಸಿ ಮಾಡಿದರೆ ಕೊಡುತ್ತಾರೆ.